ಬೇಗೂರಿನ ದಾರಿಯಲ್ಲಿ ಮೂವರು ರಾಣಿಯರು

ಪರಸ್ಥಳದಿಂದ ಬಂದ ನೆಂಟರಿಗೆ ಬೆಂಗಳೂರಿನ ತೆಂಕಣ ಭಾಗವನ್ನು ತೋರಿಸುವುದು ಸುಲಭದ ಕೆಲಸವಲ್ಲ. ಲಾಲ್‌ಬಾಗ್ ಆಯಿತು, ಬಸವನಗುಡಿಯ ದೊಡ್ಡ ಬಸವಣ್ಣನಾಯಿತು. ಅಲ್ಲಿಂದ ಮುಂದೆ ಜಯನಗರ, ಜಯಪ್ರಕಾಶನಗರ, ಬನಶಂಕರಿ ಎಂದು ಕೈದೋರಿದರೆ ಅವರ ಕಣ್ಣಿಗೆ ಬೀಳುವುದು ಮನೆಗಳು, ಮರಗಳು, ಅಂಗಡಿಗಳು, ಮತ್ತೆ ಮನೆಗಳು. ಇಲ್ಲಿ ಹಳೆಯದೇನೂ ಇಲ್ಲವೆಂದು ಅವರು ತೀರ್ಮಾನಿಸಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಇಲ್ಲಿ ಹುಟ್ಟಿ ಬೆಳೆದವರ ಅಭಿಪ್ರಾಯವೂ ಬಹುಮಟ್ಟಿಗೆ ಅದೇ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು 1948ರಲ್ಲಿ. ಅದರ ನೆನಪಿಗೆಂದು ನಿಂತ ಅಶೋಕಸ್ತಂಭವೇ ನಮ್ಮ ಪಾಲಿಗೆ ಪುರಾತನ ಸ್ಮಾರಕವಾಗಿದೆ.

ಆದರೆ ಬಡಾವಣೆಗಳು ಬಯಲಿನಲ್ಲಿ ಹುಟ್ಟಿದವಲ್ಲ. ಅವುಗಳ ಅಡಿಯಲ್ಲಿ ಯಡಿಯೂರು, ಸಾರಕ್ಕಿ, ಮಾರೇನಹಳ್ಳಿ, ಜರಗನಹಳ್ಳಿ, ಕತ್ತರಿಗುಪ್ಪೆಗಳೆಂಬ ಊರುಗಳಿವೆ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳೊಳಗಂತೂ ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಗ್ರಾಮಗಳು ಕೈಕಾಲು ಮುದುಡಿಕೊಂಡು ಕುಳಿತಿವೆ. ಕೆರೆ ಬತ್ತಿ ಬಸ್ ನಿಲ್ದಾಣವಾದರೂ, ಗದ್ದೆ ಮುಚ್ಚಿ ಮಹಡಿ ಎದ್ದರೂ ಊರಿನ ಹೆಸರು ಮಾತ್ರ ಸಾಯಲಾರದು. ಈ ಲೇಖನದ ವಿಷಯವೂ ಒಂದು ಬಗೆಯಲ್ಲಿ ಹೆಸರೇ; ಹೆಸರು ಮತ್ತು ಮುಖ.

ನಮ್ಮ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುವ ಮಿತ್ರರೊಬ್ಬರಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠಕ್ಕೆಂದು ಅವರು ಒಂದು ಚಿತ್ರವನ್ನು ಮುದ್ರಿಸಿಕೊಂಡಿದ್ದರು. ಅದರ ಜೊತೆಯಲ್ಲಿಯೇ, ಪಾಠಕ್ಕೆ ಸಂಬಂಧವಿಲ್ಲದ ಇನ್ನೊಂದು ಚಿತ್ರ. ಎರಡರಲ್ಲಿಯೂ ಮೂರು ಮೂರು ಹೆಂಗಸರ ಮುಖಗಳು. ಒಂದು 1804ರದು, ಇನ್ನೊಂದು 1805ರದು. “ಭಾನುವಾರ ಬೇಗೂರಿಗೆ ಹೋಗೋಣ ಬನ್ನಿ ಮೇಷ್ಟ್ರೇ, ಅಲ್ಲಿ ಕುಳಿತು ಇವನ್ನು ನೋಡೋಣ” ಎಂದರು. ಅಮೆರಿಕದ ಚಿತ್ರವನ್ನು ನೋಡುವುದಕ್ಕೆ ಬೇಗೂರಿಗೇಕೆ ಹೋಗಬೇಕೆಂಬುದು ನನಗೆ ಆಗ ಹೊಳೆಯಲಿಲ್ಲ. ಇತಿಹಾಸದವರಿಗೆ ನಮ್ಮಂತಹ ಸಾಹಿತ್ಯದವರನ್ನು ಸ್ವಲ್ಪ ಕಾಯಿಸುವುದರಲ್ಲಿ ಸಂತೋಷವಿರುತ್ತದೆ.

2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗ ಈ ಪ್ರಯಾಣವನ್ನು ಸುಗಮಗೊಳಿಸಿದೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ ಹತ್ತಿದರೆ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆ, ರೇಷ್ಮೆ ಮಂಡಳಿಯ ಕೂಡುರಸ್ತೆ. ಕೆಳಗೆ ವಾಹನಗಳು ಹೆಜ್ಜೆಹೆಜ್ಜೆಗೂ ನಿಟ್ಟುಸಿರುಬಿಡುತ್ತಿದ್ದರೆ, ನಾವು ಮಹಡಿಗಳ ನೀರಿನ ತೊಟ್ಟಿಗಳ ಮಟ್ಟದಲ್ಲಿ ತೇಲಿ ಹೋಗುತ್ತೇವೆ. ಮಿತ್ರರು ನಡುವೆಯೇ ಇಳಿಸಿದರು. ಬೇಗೂರಿಗೆ ಮೊದಲು ಕೋರಮಂಗಲವನ್ನು ನೋಡಬೇಕೆಂದು ಅವರ ಹಟ.

ಕೋರಮಂಗಲದಲ್ಲಿ ಲಕ್ಷ್ಮಮ್ಮನ ಸಮಾಧಿಯಿದೆ. ಕೆಂಪೇಗೌಡನು 1537ರಲ್ಲಿ ಕೋಟೆಯನ್ನು ಕಟ್ಟಿಸುವಾಗ ತೆಂಕಣ ಬಾಗಿಲು ನಿಲ್ಲದೆ ಮತ್ತೆ ಮತ್ತೆ ಕುಸಿಯುತ್ತಿತ್ತೆಂದೂ, ಗರ್ಭಿಣಿಯ ಬಲಿಯಾಗಬೇಕೆಂಬ ಮಾತು ಹುಟ್ಟಿತೆಂದೂ, ಗೌಡನ ಸೊಸೆ ಲಕ್ಷ್ಮಮ್ಮ ಇರುಳಿನಲ್ಲಿ ಯಾರಿಗೂ ಹೇಳದೆ ಹೋಗಿ ತನ್ನನ್ನೇ ಬಲಿಗೊಟ್ಟಳೆಂದೂ ಐತಿಹ್ಯ. ಈ ಕಥೆಯನ್ನು ಬೆಂಗಳೂರಿನಲ್ಲಿ ಕೇಳದವರು ವಿರಳ. ಕೇಳಿ, ಸಮಾಧಿಯನ್ನು ನೋಡಲು ಬಂದವರು ಅದಕ್ಕಿಂತ ವಿರಳ. ಸುತ್ತಲೂ ಕಾಫಿಯಂಗಡಿಗಳು, ಗಣಕದ ಕಚೇರಿಗಳು; ನಡುವೆ ಮರದ ನೆರಳಿನ ಒಂದು ತುಂಡು ನೆಲ. ಅಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಹಿರಿಯ ಹೆಂಗಸನ್ನು ನಾನು ಕೇಳಿದೆ: “ಅಮ್ಮಾ, ಲಕ್ಷ್ಮಮ್ಮನ ಚಿತ್ರಪಟ ಏನಾದರೂ ಇದೆಯೇ, ನೋಡೋಕೆ ಹೇಗಿದ್ದರು ಅಂತ?”

ಆಕೆ ಕಟ್ಟುತ್ತಿದ್ದ ದಾರವನ್ನು ಬಿಡದೆಯೇ ತಲೆಯೆತ್ತಿದಳು. “ಚಿತ್ರ ಯಾತಕ್ಕೆ ಸ್ವಾಮಿ? ಆಯಮ್ಮ ಇಲ್ಲೇ ಅವ್ಳಲ್ಲ!”

ಈ ಉತ್ತರಕ್ಕೆ ಪ್ರತಿಯಾಗಿ ಹೇಳುವುದು ನಮ್ಮಿಬ್ಬರ ವಿದ್ಯೆಯಲ್ಲಿ ಏನೂ ಇರಲಿಲ್ಲ.

ಮುಂದೆ ಬೊಮ್ಮನಹಳ್ಳಿಯಿಂದ ಆಟೋ ಹಿಡಿದು ಬೇಗೂರನ್ನು ಮುಟ್ಟಿದೆವು. ಬೆಂಗಳೂರು ಎಂಬ ಹೆಸರಿಗೆ ಮಾಗಡಿಯ ಗೌಡರೇ ಕಾರಣರೆಂದೂ, ಬೆಂದ ಕಾಳಿನ ಮುದುಕಿಯೇ ಕಾರಣಳೆಂದೂ ವಾದಿಸುವವರು ಒಮ್ಮೆ ಇಲ್ಲಿನ ನಾಗೇಶ್ವರ ದೇವಾಲಯಕ್ಕೆ ಬರಬೇಕು. ಕ್ರಿ. ಶ. 890ರ ಸುಮಾರಿನ ಹಳಗನ್ನಡ ಶಾಸನವೊಂದು ಇಲ್ಲಿ ‘ಬೆಂಗಳೂರ’ ಕಾಳೆಗವನ್ನು ಹೇಳುತ್ತದೆ. ಕೆಂಪೇಗೌಡನಿಗೆ ಆರೂವರೆ ಶತಮಾನಗಳ ಹಿಂದೆಯೇ ಊರಿಗೆ ಆ ಹೆಸರಿತ್ತು. ಆಗ ಈ ಸೀಮೆ ಗಂಗರದು. ನಾಗತ್ತರನೆಂಬುವನು ಇಲ್ಲಿನ ನಾಯಕ. ನೊಳಂಬರೊಡನೆ ನಡೆದ ಯುದ್ಧದಲ್ಲಿ ಆತ ಮಡಿದುದನ್ನು ಹೇಳುವ ಬೇಗೂರಿನ ವೀರಗಲ್ಲು, ಆನೆ ಕುದುರೆ ಬಿಲ್ಲಾಳುಗಳ ಸಮ್ಮರ್ದದಿಂದ ಕೂಡಿದ ಅದ್ಭುತ ಶಿಲ್ಪ, ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿ ಬಹುಕಾಲವಾಯಿತು.

ನಾಗತ್ತರನಿಗೆ ಒಬ್ಬ ಮಗಳಿದ್ದಳು. ಹೆಸರು ತೊಂಡಬ್ಬೆ. ಆಕೆ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟಳೆಂದು ಬೇಗೂರಿನ ಶಾಸನವೊಂದು ತಿಳಿಸುತ್ತದೆ. ಅಷ್ಟೆ. ತಂದೆಯ ಹೆಸರು, ತನ್ನ ಹೆಸರು, ಸತ್ತ ಬಗೆ. ಕಪ್ಪಗಿದ್ದಳೇ ಬೆಳ್ಳಗಿದ್ದಳೇ, ಎಳೆಯಳೇ ಮುದುಕಿಯೇ, ನಕ್ಕಾಗ ಹೇಗೆ ಕಾಣುತ್ತಿದ್ದಳು, ಕಲ್ಲಿಗೆ ಅದರ ಗೊಡವೆಯಿಲ್ಲ.

ದೇವಾಲಯದ ಹೊರಗಣ ನೆರಳಿನಲ್ಲಿ ಕುಳಿತ ಮೇಲೆ ಮಿತ್ರರು ತಮ್ಮ ಚೀಲದಿಂದ ಆ ಎರಡು ಚಿತ್ರಗಳನ್ನು ತೆಗೆದರು. ಬೇಗೂರಿಗೆ ಕರೆತಂದ ಉದ್ದೇಶ ಆಗ ನನಗೆ ತಿಳಿಯಿತು. “ಬೆಳಗಿನಿಂದ ಎರಡು ಹೆಸರು ಕೇಳಿದಿರಿ, ಮುಖ ಕಾಣಲಿಲ್ಲ. ಈಗ ಮುಖ ನೋಡಿ” ಎಂದರು.

ಮೊದಲನೆಯದು ಅಮೆರಿಕದ ಗಿಲ್ಬರ್ಟ್ ಸ್ಟುವರ್ಟ್ 1804ರಲ್ಲಿ ಬರೆದ ತೈಲಚಿತ್ರ. ಸ್ಟುವರ್ಟನೆಂದರೆ ಜಾರ್ಜ್ ವಾಷಿಂಗ್ಟನ್ನನ ಮುಖವನ್ನು ಲೋಕಕ್ಕೆ ಪರಿಚಯ ಮಾಡಿಸಿದವನು. ಈ ಪಟದಲ್ಲಿ ಕಾಣುವ ಮೂರು ಮುಖಗಳೂ ಒಬ್ಬಳವೇ, ಬಾಲ್ಟಿಮೋರಿನ ವರ್ತಕನ ಮಗಳು ಎಲಿಜಬೆತ್ ಪ್ಯಾಟರ್ಸನ್‌ಳವು. ಎದುರಿನಿಂದ ಒಮ್ಮೆ, ಓರೆಯಾಗಿ ಒಮ್ಮೆ, ಪಕ್ಕದಿಂದ ಒಮ್ಮೆ. ಹಿನ್ನೆಲೆಯಲ್ಲಿ ಏನೂ ಇಲ್ಲ. ಚಿತ್ರ ಪೂರ್ತಿಯಾಗಿಲ್ಲವೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ತಲೆಗಳು ಮೋಡದಿಂದ ಹೊರಬಂದಂತಿವೆ. ಆದರೂ ಒಂದು ಮುಖ ಮತ್ತೊಂದಕ್ಕೆ ಸಾಕ್ಷಿ ಹೇಳುತ್ತಿರುವುದರಿಂದ ಹೀಗೆಯೇ ಇದ್ದಳು ಎಂಬ ನಂಬಿಕೆ ಹುಟ್ಟುತ್ತದೆ.

ಆಗಿನ ಅಮೆರಿಕನ್ನರಿಗೆ ಗ್ರೀಸ್, ರೋಮ್‌ಗಳ ಹುಚ್ಚು. ಹೊಸದಾಗಿ ಹುಟ್ಟಿದ ಗಣರಾಜ್ಯಕ್ಕೆ ಹಳೆಯ ಗಣರಾಜ್ಯಗಳ ಉಡುಪು ಬೇಕಾಗಿತ್ತು. ಕಟ್ಟಡಗಳಿಗೆ ಕಂಬಸಾಲು ಬಂದಿತು. ಹೆಂಗಸರಿಗೆ ಎದೆಯ ಕೆಳಗೆ ಕಟ್ಟಿದ ಬಿಳಿಯ ತೆಳುವಸ್ತ್ರ, ಎತ್ತಿ ಕಟ್ಟಿದ ತುರುಬು ಬಂದವು. ಇದನ್ನೇ ಕಲಾವಿಮರ್ಶಕರು ನವ ಅಭಿಜಾತ ಶೈಲಿ ಎಂದು ಕರೆಯುತ್ತಾರೆ. ಅಲಂಕಾರ ಕಡಿಮೆ, ರೇಖೆ ಸ್ಪಷ್ಟ, ನಿಲುವು ಪ್ರತಿಮೆಯಂತೆ. ಎಲಿಜಬೆತ್ ಆ ತೆಳುವಸ್ತ್ರವನ್ನು ಎಷ್ಟು ತೆಳುವಾಗಿ ಉಟ್ಟಳೆಂದರೆ ವಾಷಿಂಗ್ಟನ್ ನಗರದ ಗೃಹಿಣಿಯರು ಗಾಬರಿಯಾದರು. ಗ್ರೀಕ್ ಪ್ರತಿಮೆಯಂತೆ ತೋರಬೇಕೆಂಬ ಪಾಶ್ಚಾತ್ಯ ಸ್ತ್ರೀಯರ ಆಸೆಯನ್ನು ಅಂದು ಪೂರೈಸಿದ್ದು ಮಸ್ಲಿನ್. ಅದಕ್ಕೆ ಜಗತ್ತಿನಲ್ಲೆಲ್ಲ ಹೆಸರಾಗಿದ್ದುದು ನಮ್ಮ ಬಂಗಾಳದ ಮಗ್ಗ.

ಆಕೆ 1803ರ ಡಿಸೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ನೆಪೋಲಿಯನ್ನನ ತಮ್ಮ ಜೆರೋಮನನ್ನು ಮದುವೆಯಾದಳು. ಅಣ್ಣನಿಗೆ ಈ ಸಂಬಂಧ ಒಪ್ಪಿಗೆಯಾಗಲಿಲ್ಲ. 1805ರಲ್ಲಿ ಗರ್ಭಿಣಿಯಾಗಿ ಯೂರೋಪಿಗೆ ಬಂದವಳಿಗೆ ಇಳಿಯಗೊಡಲಿಲ್ಲ; ಇಂಗ್ಲೆಂಡಿನಲ್ಲಿ ಮಗನನ್ನು ಹೆತ್ತಳು. ಗಂಡ ಬೇರೆ ಮದುವೆಯಾಗಿ ರಾಜನಾದ. ಈಕೆ 1879ರವರೆಗೆ ಬದುಕಿದ್ದು, ಬೋನಪಾರ್ಟೆ ಎಂಬ ಹೆಸರನ್ನು ಕೊನೆಯವರೆಗೂ ಬಿಡಲಿಲ್ಲ. ಮುಖವನ್ನು ಚಿತ್ರಕಾರ ಕೊಟ್ಟ, ಹೆಸರನ್ನು ಆಕೆಯೇ ಹಿಡಿದುಕೊಂಡಳು.

ಎರಡನೆಯ ಚಿತ್ರ 1805ರ ಸುಮಾರಿನದು, ನಮ್ಮ ಮೈಸೂರಿನದು. ಇದಕ್ಕೆ ಹೋಗುವ ಮೊದಲು ಬೆಂಗಳೂರಿಗೂ ಅಮೆರಿಕದ ಚಿತ್ರಕಾರರಿಗೂ ಇರುವ ಒಂದು ವಿಚಿತ್ರವಾದ ನಂಟನ್ನು ಹೇಳಬೇಕು. ಜಯನಗರದಿಂದ ಮಾರುಕಟ್ಟೆಗೆ ಹೋಗುವವರು ಕಲಾಸಿಪಾಳ್ಯದ ಬಳಿ ಹಳೆಯ ಕೋಟೆಯ ಬಾಗಿಲನ್ನು ನೋಡಿರಬಹುದು. 1791ರ ಮಾರ್ಚ್ 21ರಂದು ಈ ಕೋಟೆಯನ್ನು ಒಡೆದು ಒಳಹೊಕ್ಕ ಸೈನ್ಯದ ನಾಯಕ ಲಾರ್ಡ್ ಕಾರ್ನ್‌ವಾಲಿಸ್. ಆತ ಅದಕ್ಕೆ ಹತ್ತು ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದವನೇ. ಅಲ್ಲಿ ಕಳೆದುಕೊಂಡ ಮಾನವನ್ನು ಇಲ್ಲಿ ಸಂಪಾದಿಸಿದನೆಂದು ಇಂಗ್ಲೆಂಡಿನವರು ಹಿಗ್ಗಿದರು. 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಆತ ಒತ್ತೆಯಾಗಿ ಪಡೆದುದಂತೂ ಲಂಡನ್ನಿನ ಚಿತ್ರಕಾರರಿಗೆಲ್ಲ ಹಬ್ಬವಾಯಿತು.

ಆ ಚಿತ್ರಕಾರರಲ್ಲೊಬ್ಬನು ಮೇಥರ್ ಬ್ರೌನ್. ಅಮೆರಿಕದ ಬಾಸ್ಟನ್ನಿನಲ್ಲಿ 1761ರಲ್ಲಿ ಹುಟ್ಟಿ, ಲಂಡನ್ನಿಗೆ ಬಂದು, ತನ್ನ ದೇಶದವನೇ ಆದ ಬೆಂಜಮಿನ್ ವೆಸ್ಟ್‌ನ ಶಿಷ್ಯನಾದವನು. ಮಕ್ಕಳು ಜನಾನಾವನ್ನು ಬಿಟ್ಟು ಹೊರಡುವ ದೃಶ್ಯವನ್ನು ಆತ ಬರೆದ. 1793ರಲ್ಲಿ ಅದು ಅಚ್ಚಾಗಿ ಮನೆಮನೆಯ ಗೋಡೆಯನ್ನು ಸೇರಿತು. ಬ್ರೌನ್ ಇಂಡಿಯಾದ ನೆಲವನ್ನು ಮೆಟ್ಟಿದವನಲ್ಲ. ಮೈಸೂರು ಸೀಮೆಯ ಒಬ್ಬ ಹೆಂಗಸನ್ನಾದರೂ ಮುಂದೆ ಕೂರಿಸಿಕೊಂಡು ಬರೆದವನಲ್ಲ. ಆದುದರಿಂದ ಅವನು ಬರೆದ ತಾಯಂದಿರು ದುಃಖದ ಭಂಗಿಗಳೇ ಹೊರತು ತಾಯಂದಿರಲ್ಲ.

ಇದಕ್ಕೆ ಅವನೊಬ್ಬನನ್ನೇ ಹಳಿಯುವುದು ನ್ಯಾಯವಲ್ಲ. ನಮ್ಮ ಕಾವ್ಯಗಳ ನಖಶಿಖಾಂತ ವರ್ಣನೆಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುತ್ತೇನೆ. ತಾವರೆಯ ಕಣ್ಣು, ಸಂಪಗೆಯ ಮೂಗು, ದುಂಬಿಯ ಸಾಲಿನಂತಹ ಮುಂಗುರುಳು. ಒಂದು ಕಾವ್ಯದ ನಾಯಿಕೆಯನ್ನು ಎತ್ತಿ ಇನ್ನೊಂದರಲ್ಲಿ ಇಟ್ಟರೆ ಗಂಡಂದಿರಿಗೂ ಗುರುತು ಸಿಕ್ಕಲಾರದು! ಬೇಲೂರಿನಲ್ಲಿ ಕನ್ನಡಿ ಹಿಡಿದ ಚೆಲುವೆಯನ್ನು ತೋರಿಸಿ ಶಾಂತಲೆಯೆನ್ನುತ್ತಾರೆ. ಹಾಗೆನ್ನಲು ಆಧಾರ ನಮ್ಮ ಪ್ರೀತಿಯೊಂದೇ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳಿವೆಯಷ್ಟೆ? ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಆ ಕಲ್ಲುಗಳಲ್ಲಿ ಅನೇಕ ಕಡೆ ಎದ್ದು ಕಾಣುವುದು ಒಂದು ತೋಳು. ಕಂಬದಿಂದ ಚಾಚಿ, ಮೊಳಕೈಯಲ್ಲಿ ಮಡಿದು, ಹಸ್ತವನ್ನು ಮೇಲಕ್ಕೆತ್ತಿದ ಬಳೆದೊಟ್ಟ ತೋಳು. ಅವಳು ಮುತ್ತೈದೆಯಾಗಿ ಹೋದಳೆಂದು ಹೇಳುವುದಕ್ಕೆ ಬಳೆ ಸಾಕು, ಮುಖವೇತಕ್ಕೆ?

ಹೀಗಿರುವಲ್ಲಿ, ಮೈಸೂರಿನ ರಾಣೀವಾಸದ ಮೂವರು ಹೆಂಗಸರು ಪರದೇಶದ ಚಿತ್ರಕಾರನೊಬ್ಬನ ಮುಂದೆ ನಿಂತು, ಅವನ ಕಣ್ಣನ್ನು ನೆಟ್ಟಗೆ ನೋಡಿದರೆಂದರೆ ಅದು ಸಾಮಾನ್ಯವಾದ ಸಂಗತಿಯಲ್ಲ. ಚಿತ್ರಕಾರ ತಾಮಸ್ ಹಿಕ್ಕಿ. ಐರ್ಲೆಂಡಿನ ಡಬ್ಲಿನ್ ನಗರದವನು, ಹುಟ್ಟಿದ್ದು 1741ರಲ್ಲಿ. ರೋಮಿನಲ್ಲಿ ವಿದ್ಯೆ. ಇಂಡಿಯಾಕ್ಕೆ ಹೊರಟ ಹಡಗು ಶತ್ರುಗಳ ಕೈಗೆ ಸಿಕ್ಕಿದ್ದರಿಂದ ಕೆಲವು ವರ್ಷ ಲಿಸ್ಬನ್ನಿನಲ್ಲಿ ಉಳಿದು, 1784ರಲ್ಲಿ ಕಲ್ಕತ್ತೆಯನ್ನು ಸೇರಿದ. ನಡುವೆ ಮ್ಯಾಕಾರ್ಟ್ನಿಯ ರಾಯಭಾರದೊಡನೆ ಚೀನಾಕ್ಕೂ ಹೋಗಿ ಬಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದು ಟಿಪ್ಪುವಿನ ಮಕ್ಕಳನ್ನೂ ಸರದಾರರನ್ನೂ ಬರೆದ. ದಿವಾನ್ ಪೂರ್ಣಯ್ಯನವರ ಭಾವಚಿತ್ರವೂ ಅವನದೇ. ಆತ ಸತ್ತದ್ದು 1824ರಲ್ಲಿ, ಮದರಾಸಿನಲ್ಲಿ.

ಚಿತ್ರವನ್ನು ವರ್ಣಿಸುವುದು ಕಷ್ಟ. ಮೂವರ ಮೈಮೇಲೂ ಆಭರಣದ ಭಾರವಿದೆ. ತಲೆಗೆ ಭವ್ಯವಾದ ಶಿರೋಭೂಷಣ, ತೋಳಿಗೆ ಚಿನ್ನದ ದಪ್ಪ ಕಡಗಗಳು. ಆದರೆ ನೋಡುವವರನ್ನು ಹಿಡಿದು ನಿಲ್ಲಿಸುವುದು ಆಭರಣವಲ್ಲ. ಬಲಗಡೆಯ ತರುಣಿ ತನ್ನ ಎಡತೋಳಿನ ಮೇಲಿರಬೇಕಾದ ಸೀರೆಯನ್ನು ಸರಿಸಿ, ಬಲಗೈಯಿಂದ ಆ ತೋಳನ್ನು ತೋರಿಸುತ್ತಿದ್ದಾಳೆ. ಅದರಲ್ಲಿ ನಾಟ್ಯವಿಲ್ಲ, ಬಿನ್ನಾಣವಿಲ್ಲ. ‘ಇಗೋ, ಇಲ್ಲಿ’ ಎಂದು ಹೇಳಿದಂತೆ, ಅಷ್ಟೆ.

ಬಹುಕಾಲ ಈ ಚಿತ್ರದ ಮೂವರನ್ನು ನರ್ತಕಿಯರೆಂದೋ ಗಣಿಕೆಯರೆಂದೋ ಭಾವಿಸಲಾಗಿತ್ತು. ಏಕೆ ಹಾಗೆ ಭಾವಿಸಿದರೆಂದು ಊಹಿಸುವುದು ಕಷ್ಟವಲ್ಲ. ಪರಪುರುಷನನ್ನು ನೆಟ್ಟಗೆ ನೋಡುವ ಹೆಣ್ಣು, ಸೆರಗನ್ನು ಸರಿಸಿದ ಹೆಣ್ಣು, ಮತ್ತೇನಾಗಿರಬಲ್ಲಳು ಎಂಬುದು ಅವರ ತರ್ಕ. ಮೈಸೂರಿನ ಇತಿಹಾಸವನ್ನು ಅಭ್ಯಾಸ ಮಾಡಿದ ನೈಜೆಲ್ ಛಾನ್ಸಲರ್ ಎಂಬ ಇಂಗ್ಲಿಷ್ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ತರ್ಕವನ್ನು ತಲೆಕೆಳಗು ಮಾಡಿದರು. ಶಿರೋಭೂಷಣವೂ ಕಡಗವೂ ಒಡೆಯರ ರಾಣಿಯರವು ಎಂದರು. ಅವರ ನಿರ್ಣಯದಂತೆ ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ನಡುವಿನವರು ಅಜ್ಜಿ ಲಕ್ಷ್ಮಮ್ಮಣ್ಣಿ. ಎಡಗಡೆಯವಳು ಹಿರಿಯ ರಾಣಿ. ತೋಳಿನ ಮೇಲೆ ತೋರಿಸುತ್ತಿರುವುದು ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಎಡೆಯನ್ನು!

ಕಾಲವನ್ನು ಸ್ವಲ್ಪ ನೆನೆಯಬೇಕು. ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಪರೀಕ್ಷಿಸಿ ನೋಡಿದ್ದು 1796ರಲ್ಲಿ. ಅದೇ 1796ರಲ್ಲಿ ಶ್ರೀರಂಗಪಟ್ಟಣದಲ್ಲಿ ಹೆಸರಿಗೆ ಮಾತ್ರ ಅರಸರಾಗಿದ್ದ ಖಾಸಾ ಚಾಮರಾಜ ಒಡೆಯರು ಸಿಡುಬಿನಿಂದಲೇ ತೀರಿಕೊಂಡರು. ಅವರ ಮಗ ಕೃಷ್ಣರಾಜರಿಗೆ ಆಗ ಎರಡು ವರ್ಷ. ಈ ಮಗುವನ್ನೇ 1799ರ ಜೂನ್ 30ರಂದು ಸಿಂಹಾಸನದ ಮೇಲೆ ಕೂರಿಸಿದ್ದು. ಅದರ ಹಿಂದೆ ನಿಂತಿದ್ದವರು ಲಕ್ಷ್ಮಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜರ ವಿಧವೆಯಾಗಿ, ಹೈದರ್ ಟಿಪ್ಪುಗಳ ಕಾಲದುದ್ದಕ್ಕೂ, ತಿರುಮಲರಾಯರಂತಹ ಪ್ರಧಾನರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹರಿಸುತ್ತ ಮನೆತನದ ದೀಪ ಆರದಂತೆ ಕಾಪಾಡಿದವರು. ರಾಜ್ಯ ಮರಳಿ ಬಂದ ಮೇಲೆ ಅವರು ಅಂಜಬೇಕಾಗಿದ್ದ ಶತ್ರುಗಳ ಪೈಕಿ ಮನುಷ್ಯರು ಕಡಿಮೆ. ಸಿಡುಬು ಮಾತ್ರ ಬಾಗಿಲಿನಲ್ಲಿಯೇ ಇತ್ತು.

ಲಸಿಕೆ ಇಂಡಿಯಾಕ್ಕೆ ಬಂದ ಬಗೆಯೂ ಒಂದು ಪ್ರವಾಸಕಥೆಯೇ. ಆಗ ಅದನ್ನು ಸೀಸೆಯಲ್ಲಿ ತುಂಬಿ ತಣ್ಣಗಿಟ್ಟು ಕಳುಹಿಸುವ ಉಪಾಯವಿರಲಿಲ್ಲ. ಒಬ್ಬರ ತೋಳಿನ ಮೇಲೆದ್ದ ಗುಳ್ಳೆಯ ರಸವನ್ನು ವಾರ ಕಳೆದ ಮೇಲೆ ಇನ್ನೊಬ್ಬರ ತೋಳಿಗೆ, ಅಲ್ಲಿಂದ ಮತ್ತೊಬ್ಬರ ತೋಳಿಗೆ ಚುಚ್ಚಬೇಕಾಗಿತ್ತು. ಬಾಗ್ದಾದ್, ಬಾಸ್ರಾಗಳ ಮೂಲಕ ಅದು ಬೊಂಬಾಯಿಯನ್ನು ಮುಟ್ಟಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ತಗುಲಿತು. ಇಂಡಿಯಾದಲ್ಲಿ ಲಸಿಕೆ ಫಲಿಸಿದ ಮೊದಲ ತೋಳು ಅವಳದು. ಅತ್ತ ಅಮೆರಿಕದಲ್ಲಿಯೂ ಇದೇ ಕಾಲ. ಅಧ್ಯಕ್ಷನಾಗಿದ್ದ ಜೆಫರ್ಸನ್ 1801ರಲ್ಲಿ ಬಾಸ್ಟನ್ನಿನ ವೈದ್ಯನಿಂದ ಲಸಿಕೆಯನ್ನು ತರಿಸಿಕೊಂಡು ತನ್ನ ಮನೆಯವರಿಗೂ ನೆರೆಹ�ೊರೆಯವರಿಗೂ ಹಾಕಿಸಿದ. ಅವನ ಭಾವಚಿತ್ರವನ್ನು ಬರೆದವನೂ ಸ್ಟುವರ್ಟನೇ.

ತೋಳಿನಿಂದ ತೋಳಿಗೆ ಎಂದಾಗ ನಮ್ಮ ಸಮಾಜದಲ್ಲಿ ಏನಾಗುತ್ತದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಯಾರ ತೋಳು? ಯಾವ ಜಾತಿಯದು? ಮೈಯೊಳಗಣ ರಸ ಬೆರೆಯುವುದೆಂದರೇನು? ಇದಲ್ಲದೆ ಸಿಡುಬು ಎಂಬುದು ಬರಿಯ ಬೇನೆಯಲ್ಲ, ಅಮ್ಮ. ಮನೆಗೆ ಬಂದವಳನ್ನು ಬೇವು ಮಜ್ಜಿಗೆಗಳಿಂದ ತಣಿಸಿ ಕಳುಹಿಸಬೇಕೇ ಹೊರತು ಬಾಗಿಲು ಹಾಕುವುದುಂಟೇ? ಕುಂಪಣಿಯವರ ಮಾತನ್ನು ಜನ ನಂಬುವಂತಿರಲಿಲ್ಲ. ಅರಸನೊಡನೆ ವಿವಾಹಕ್ಕೆಂದು 1805ರಲ್ಲಿ ಮೈಸೂರಿಗೆ ಬಂದ, ಹನ್ನೆರಡರ ಆಸುಪಾಸಿನ ಬಾಲೆಗೆ ಲಸಿಕೆ ಹಾಕಿಸಿದರು. ಅದನ್ನು ನೋಡಿ ಇತರರೂ ಮುಂದೆ ಬಂದರೆಂಬ ಉಲ್ಲೇಖವನ್ನು ಛಾನ್ಸಲರ್ 1806ರ ದಾಖಲೆಯೊಂದರಲ್ಲಿ ಕಂಡಿದ್ದಾರೆ. ಚಿತ್ರವನ್ನು ಬರೆಯಿಸಿದ್ದೂ ಈ ಪ್ರಚಾರಕ್ಕಾಗಿಯೇ ಎಂಬುದು ಅವರ ವಾದ. ಅಜ್ಜಿ ನಡುವೆ ನಿಂತಿರುವುದು ಹಿರಿಯರ ಒಪ್ಪಿಗೆಯ ಗುರುತು. ಸಾಕ್ಷಾತ್ ರುಜು ಹಾಕಿದಂತೆಯೇ!

ನನ್ನ ಮಿತ್ರರು ಇಷ್ಟೆಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ನಮ್ಮ ಕಾಲಿನವರೆಗೂ ಬಂದಿತ್ತು. ಕುಂಪಣಿಯ ಜಾಹೀರಾತಿಗೆ ಮೈಸೂರಿನ ರಾಣಿಯರು ಬಳಕೆಯಾದರೆಂಬ ಮಾತು ಅವರ ಬಾಯಲ್ಲಿ ಬಂದಿತು. ನಾನು ಒಪ್ಪಲಿಲ್ಲ. ಮೊಮ್ಮಗನ ತಂದೆಯನ್ನು ನುಂಗಿದ ಬೇನೆ ಮೊಮ್ಮಗನ ರಾಣಿಯನ್ನು ಮುಟ್ಟಬಾರದೆಂದು ಅಜ್ಜಿ ನಿಶ್ಚಯಿಸಿದ್ದರಲ್ಲಿ ಕುಂಪಣಿಯದೇನು ಹೆಚ್ಚುಗಾರಿಕೆ? ಮೂವತ್ತು ವರ್ಷ ಇಂಗ್ಲಿಷರನ್ನು ತಮ್ಮ ಕಾರ್ಯಕ್ಕೆ ಬಳಸಿಕೊಂಡ ಆಕೆ ಇದನ್ನೂ ಬಳಸಿಕೊಂಡರೆಂದು ಏಕೆ ಹೇಳಬಾರದು? ನಾವಿಬ್ಬರೂ ಆಟೋ ಹತ್ತುವವರೆಗೆ ಇದೇ ಚರ್ಚೆ.

ದಸರಾ ರಜೆಯಲ್ಲಿ ನಾನೊಬ್ಬನೇ ಶ್ರೀರಂಗಪಟ್ಟಣಕ್ಕೆ ಹೋಗಿ, 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನಲ್ಲಿ ಹಿಕ್ಕಿಯ ಕೈಯ ರೇಖಾಚಿತ್ರಗಳನ್ನು ನೋಡಿ ಬಂದೆ. ಟಿಪ್ಪುವಿನ ಮಕ್ಕಳ ಮುಖಗಳು. ಸೋತ ಮನೆಯ ಮಕ್ಕಳನ್ನು ಗೆದ್ದವರ ಚಿತ್ರಕಾರ ಬರೆದದ್ದಾದರೂ ಗೇಲಿಯ ಒಂದು ಗೆರೆಯೂ ಅದರಲ್ಲಿಲ್ಲ. ಒಬ್ಬೊಬ್ಬನ ದಣಿವು ಒಂದೊಂದು ಬಗೆಯದು. ಈ ಕೈಯೇ ಆರು ವರ್ಷದ ತರುವಾಯ ರಾಣಿಯರನ್ನು ಬರೆದದ್ದೆಂದರೆ, ಆ ಮುಖಗಳೂ ನಿಜವಾದ ಮುಖಗಳೆಂದು ನಂಬಲು ನನಗೆ ಧೈರ್ಯ ಬಂದಿತು. ಆದರೆ ರಾಣಿಯರು ಅಲ್ಲಿಲ್ಲ, ಮೈಸೂರಿನಲ್ಲಿಯೂ ಇಲ್ಲ. ಆ ಚಿತ್ರ 2007ರಲ್ಲಿ ಸೋದಬಿ ಸಂಸ್ಥೆಯ ಹರಾಜಿನಲ್ಲಿ ಮಾರಾಟವಾಗಿ ಖಾಸಗಿ ಸಂಗ್ರಹವೊಂದನ್ನು ಸೇರಿತು. ನಮಗೆ ದೊರೆಯುವುದು ಅದರ ಪಡಿಯಚ್ಚು.

ಆ ಪಡಿಯಚ್ಚನ್ನು ಜಯನಗರದ ನಮ್ಮ ಮನೆಯಲ್ಲಿ ಮೇಜಿನ ಮೇಲಿಟ್ಟಿದ್ದೆ. ನಮ್ಮ ತಾಯಿಯವರು ಕಾಫಿಯನ್ನು ತಂದಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾನು ಏನನ್ನೂ ಹೇಳಿರಲಿಲ್ಲ.

“ಇದೇನೋ, ಈ ಹುಡುಗಿ ಸಿಡುಬು ಹಾಕಿಸ್ಕೊಂಡಿದ್ದನ್ನ ತೋರಿಸ್ತಾ ಇದಾಳೆ!” ಎಂದರು.

ವಿದ್ವಾಂಸರು ಎರಡು ಶತಮಾನಗಳ ಮೇಲೆ ಕಂಡುಹಿಡಿದುದನ್ನು ಆಕೆ ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಹೇಳಿಬಿಟ್ಟರು. “ಹೇಗೆ ಗೊತ್ತಾಯಿತಮ್ಮ?” ಎಂದೆ. ಅವರು ತಮ್ಮ ತೋಳನ್ನು ತೋರಿಸಿದರು. ನಾಣ್ಯದಂತೆ ದುಂಡಗಿನ, ಸುಕ್ಕಿದ ಎರಡು ಗುರುತುಗಳು. ಅವರ ಬಾಲ್ಯದಲ್ಲಿ ದಾಕು ಹಾಕುವವನು ಬಂದನೆಂದರೆ ಬೀದಿಯ ಮಕ್ಕಳೆಲ್ಲ ಅಟ್ಟದ ಮೇಲೆ ಅಡಗುತ್ತಿದ್ದರಂತೆ; ಅಜ್ಜಿಯೇ ಕೈಹಿಡಿದು ಎಳೆದು ತಂದು ನಿಲ್ಲಿಸಿದರಂತೆ. ಯಾರಾದರೂ ಕೇಳಿದಾಗ ‘ಆಗಿದೆ, ನೋಡಿ’ ಎಂದು ತೋಳಿನ ಬಟ್ಟೆಯನ್ನು ಸರಿಸಿ ತೋರಿಸುವುದು ಆ ಕಾಲದ ಮಕ್ಕಳಿಗೆಲ್ಲ ಅಭ್ಯಾಸವಾಗಿತ್ತಂತೆ. 1975ರ ಮೇ ತಿಂಗಳ ತರುವಾಯ ಇಂಡಿಯಾದಲ್ಲಿ ಯಾರಿಗೂ ಸಿಡುಬು ಬಂದಿಲ್ಲ. 1980ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ಘೋಷಿಸಿದರು. ನನ್ನ ತೋಳಿನಲ್ಲಿರುವುದು ಕ್ಷಯದ ಲಸಿಕೆಯ ಗುರುತು. ಆ ಭಂಗಿಯನ್ನು ಓದಬಲ್ಲ ಕಣ್ಣುಗಳು ಇನ್ನು ಕೆಲವು ಕಾಲ ಮಾತ್ರ ನಮ್ಮ ಮನೆಗಳಲ್ಲಿರುತ್ತವೆ.

ನಮ್ಮ ತಾಯಿಯವರು ಪಟವನ್ನು ಬೆಳಕಿಗೆ ಹಿಡಿದು, ಎಡಗಡೆಯವಳ ಮುಖವನ್ನು ಬಹಳ ಹೊತ್ತು ನೋಡಿದರು. ಆ ರಾಣಿಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಬಣ್ಣ ಮಾಸಿದಂತಿದೆ. ಹಸುವಿನ ಲಸಿಕೆಗೆ ಮುಂಚೆ, ಸಿಡುಬಿನ ಒಣಗಿದ ಹಕ್ಕಳೆಯನ್ನು ಪುಡಿ ಮಾಡಿ ಮೂಗಿಗೆ ಊದಿ, ಬೇನೆಯನ್ನು ಸೌಮ್ಯವಾಗಿ ಬರಿಸುವ ಪದ್ಧತಿಯೊಂದಿತ್ತು. ಆಕೆಗೆ ಆದದ್ದು ಅದೇ ಇರಬೇಕೆಂದು ಛಾನ್ಸಲರ್ ಊಹಿಸುತ್ತಾರೆ. ಅಕ್ಕತಂಗಿಯರಂತೆ ನಿಂತ ಇಬ್ಬರು ಸವತಿಯರಲ್ಲಿ ಒಬ್ಬಳು ಹಳೆಯ ವೈದ್ಯಕ್ಕೆ ಸಾಕ್ಷಿ, ಇನ್ನೊಬ್ಬಳು ಹೊಸದಕ್ಕೆ.

“ಪಾಪ, ಇವಳ ಹೆಸರೇನೋ?”

“ಇವಳೂ ದೇವಾಜಮ್ಮಣ್ಣಿಯೇ ಅಮ್ಮ. ಇಬ್ಬರಿಗೂ ಒಂದೇ ಹೆಸರು.”

“ಹಾಗಾದರೆ ಅರಮನೇಲಿ ಕರೆದರೆ ಯಾರು ಓಗೊಡ್ತಿದ್ರು?” ಎಂದು ಕೇಳಿ, ತಣ್ಣಗಾದ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು.